ಎಣ್ಣೆ ಹಚ್ಚಿಸಿಕೊಂಡ ನಾಯಿ

ನರಕ ಚತುರ್ದಶಿಯ ದಿನ ನಮ್ಮ ಅಂಗಡಿಗೆ ಯಾರೂ ಬರುವುದಿಲ್ಲ. ಹಬ್ಬಕ್ಕೆಂದು ನಾಯಿ ತೊಳೆಸುವವರು ಹಿಂದಿನ ಎರಡು ದಿನಗಳಲ್ಲಿ ತೊಳೆಸಿಕೊಂಡು ಹೋಗಿರುತ್ತಾರೆ. ಹಬ್ಬದ ದಿನ ನಾಯಿಗಳು ಪಟಾಕಿಗೆ ಹೆದರಿ ಮಂಚದ ಕೆಳಗಿರುತ್ತವೆ. ಆ ದಿನ ನಾನು ಅಂಗಡಿ ತೆರೆದದ್ದು ಟವೆಲ್ಲುಗಳನ್ನು ಒಗೆದು ಹಾಕಲು. ಮಾಲೀಕ ದುಂಡೇಶ ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಲು ಬಂದಿದ್ದ. ಅತ್ತಿಗುಪ್ಪೆ ಮೆಟ್ರೋ ನಿಲ್ದಾಣದ ಹಿಂದಿನ ಅಡ್ಡರಸ್ತೆಯಲ್ಲಿ ಒಂದು ಮನೆಯ ನೆಲಮಹಡಿ ನಮ್ಮ ಅಂಗಡಿ. ಎರಡು ಮೇಜು, ಒಂದು ತೊಟ್ಟಿ, ಗಾಳಿ ಊದುವ ಯಂತ್ರ.

ಹನ್ನೊಂದರ ಹೊತ್ತಿಗೆ ಒಂದು ಆಟೋ ನಿಂತಿತು. ಎಪ್ಪತ್ತು ದಾಟಿದ ಹೆಂಗಸೊಬ್ಬರು ಹಳೆಯ ಸೀರೆಯ ಗಂಟೊಂದನ್ನು ಎದೆಗೆ ಅವುಚಿಕೊಂಡು ಇಳಿದರು. ಗಂಟು ಅಲುಗುತ್ತಿತ್ತು. ಒಳಗೆ ಬಂದು ಅದನ್ನು ಮೇಜಿನ ಮೇಲಿಟ್ಟು ಬಿಚ್ಚಿದರು.

ಒಳಗಿದ್ದದ್ದು ನಾಯಿಯೆಂದು ತಿಳಿಯಲು ಒಂದು ಕ್ಷಣ ಬೇಕಾಯಿತು. ಮೈತುಂಬಾ ಎಣ್ಣೆ, ಎಣ್ಣೆಯ ಮೇಲೆ ಸೀಗೆಪುಡಿ, ಅದರ ಮೇಲೆ ಕಟ್ಟಡದ ಮರಳು. ಕೂದಲು ಹಗ್ಗದ ತುಂಡುಗಳಂತೆ ಜೋತುಬಿದ್ದಿತ್ತು. ಕಣ್ಣುಗಳು ಕೆಂಪಾಗಿದ್ದವು.

ದುಂಡೇಶ ಸ್ಟೂಲಿನ ಮೇಲಿಂದಲೇ ಬಗ್ಗಿ ನೋಡಿದ. "ಏನಜ್ಜಿ ಇದು, ಬೋಂಡಾ ಹಾಕೋಕೆ ರೆಡಿ ಮಾಡ್ಕೊಂಡ್ ಬಂದಿದೀರಾ?"

"ಆಡ್ಕಬ್ಯಾಡ ಕಣಪ್ಪ. ಮೊದ್ಲು ಅದರ ಕಣ್ಣು ನೋಡಿ. ಸೀಗೆಪುಡಿ ಬಿದ್ದೈತೆ."

ನಾನು ಸಲೈನ್ ತಂದು ಎರಡು ಕಣ್ಣುಗಳನ್ನೂ ತೊಳೆದೆ. ನಾಯಿ ಪ್ರತಿಭಟಿಸಲಿಲ್ಲ. ಕಣ್ಣು ಒರೆಸುವಾಗ ಎಡಗಿವಿಯ ತುದಿಯ ಕಪ್ಪು ಕಾಣಿಸಿತು. ಆಗ ಗುರುತು ಸಿಕ್ಕಿತು. ಮೋಕಾ. ಶಿಟ್ಜು ಜಾತಿ, ಮೂರು ವರ್ಷ. ತಿಂಗಳಿಗೊಮ್ಮೆ ಮೂಡಲಪಾಳ್ಯದಿಂದ ಕವನಾ ಎಂಬ ಕಾಲೇಜು ಹುಡುಗಿ ಅದನ್ನು ಕರೆತರುತ್ತಿದ್ದಳು. ಕೆಲಸ ಮುಗಿಯುವವರೆಗೂ ಕೈಕಟ್ಟಿ ನಿಂತು ನೋಡುತ್ತಿದ್ದಳು. ಒಂದು ವರ್ಷದಿಂದ ಅವಳು ಅದರ ಕೂದಲನ್ನು ಬೆಳೆಸಿದ್ದಳು. ನಿಂತರೆ ನೆಲ ಮುಟ್ಟುತ್ತಿತ್ತು. ನಮ್ಮಲ್ಲಿ ಪ್ರತಿ ನಾಯಿಗೂ ಒಂದು ಕಾರ್ಡು ಇರುತ್ತದೆ. ಮೋಕಾನ ಕಾರ್ಡಿನಲ್ಲಿ ಅವಳೇ ಬರೆದಿದ್ದಳು: ಕತ್ತರಿ ಮುಟ್ಟಿಸಬಾರದು, ತುದಿ ಸಮ ಮಾಡುವುದಿದ್ದರೂ ನನ್ನನ್ನು ಕೇಳಬೇಕು.

"ನೀವು ಕವನಾ ಅವರ..."

"ಅಜ್ಜಿ. ಪಾಪಮ್ಮ ಅಂತ. ಒಂದ್ಸಲ ಅವಳ ಜೊತೇಲಿ ಬಂದು ಹೊರಗೆ ಕುಂತಿದ್ದೆ. ಅದಕ್ಕೇ ದಾರಿ ಗೊತ್ತಿತ್ತು." ಅವರು ನಾಯಿಯ ಮೂತಿಯ ಮರಳನ್ನು ಸೆರಗಿನಿಂದ ಒರೆಸಿದರು. "ತೊಳೆದ್ರೆ ಹೋಗ್ತದಲ್ವೇನವ್ವ? ಸಂಜೆ ಐದಕ್ಕೆ ಎಲ್ಲಾ ಬಂದ್ಬುಡ್ತಾರೆ. ಅಷ್ಟೊತ್ತಿಗೆ ಹೆಂಗಿತ್ತೋ ಹಂಗಾಗ್ಬೇಕು."

ದುಂಡೇಶ ಕೆಳಗಿಳಿದ. ಅವನು ಹತ್ತು ವರ್ಷ ಗಂಡಸರ ಸಲೂನು ನಡೆಸಿದವನು. ಕೂದಲನ್ನು ದೂರದಿಂದಲೇ ಅಳೆಯುತ್ತಾನೆ. "ಹೆಂಗಿತ್ತೋ ಹಂಗಾ? ಇದು ಹರಳೆಣ್ಣೆ ಅಜ್ಜಿ, ಗೋಂದು ಇದ್ದಂಗೆ. ಶಿವಾನಿ, ಒಂದು ಸಲ ತೊಳ್ದು ಮರಳು ತೆಗಿ, ಮೆಷಿನ್ ಹಾಕು, ಮುಗಿಸು. ಹಬ್ಬದ ದಿನ ನೀನೂ ಮನೆಗ್ ಹೋಗು."

"ಮಿಷಿನ್ ಬ್ಯಾಡ," ಎಂದರು ಪಾಪಮ್ಮ. "ಹಬ್ಬದ ದಿನ ಕೂದ್ಲು ತೆಗೀಬಾರ್ದು."

"ನಾಯಿಗೂನಾ?"

"ಮನೇಲಿರೋದಕ್ಕೆಲ್ಲಾ."

ದುಂಡೇಶ ನಕ್ಕು ನನ್ನ ಕಡೆ ನೋಡಿದ. ನಾನು ಕಾರ್ಡು ತೋರಿಸಿದೆ. ತೊಳೆಯುವುದಕ್ಕೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಕತ್ತರಿಸುವುದಾದರೆ ಕವನಾಳಿಗೆ ಫೋನ್ ಮಾಡಬೇಕಿತ್ತು. ಅದನ್ನು ಪಾಪಮ್ಮನಿಗೂ ಹೇಳಿದೆ.

"ಹಂಗಾರೆ ತೊಳಿಯವ್ವ," ಎಂದರು. "ಫೋನ್ ಮಾಡೋದ್ ಬ್ಯಾಡ."

ದುಂಡೇಶ ಮಾವಿನ ಸೊಪ್ಪು ಕಟ್ಟಿ ಮುಗಿಸಿ ಹೊರಟ. ಬಾಗಿಲಲ್ಲಿ ತಿರುಗಿ, "ಅಜ್ಜಿ, ನಾಡಿದ್ದು ಬಲಿಪಾಡ್ಯಮಿಗೆ ಬೆಕ್ಕಿಗೆ ಹಚ್ಬಿಟ್ಟೀರಾ ಮತ್ತೆ," ಎಂದ.

ಎಣ್ಣೆ ಹಿಡಿದ ಕೂದಲಿಗೆ ಮೊದಲು ನೀರು ಸೋಕಿಸಬಾರದು. ನೀರು ಬಿದ್ದರೆ ಸಿಕ್ಕು ಬಿಗಿಯುತ್ತದೆ. ಪಾಪಮ್ಮ ಮನೆಯಲ್ಲಿ ಆಗಲೇ ಎರಡು ಚೊಂಬು ಸುರಿದಿದ್ದರು. ನಾನು ಗಾಳಿಯಿಂದ ಮೈಯನ್ನು ಆರಿಸಿ, ಮೆಕ್ಕೆಜೋಳದ ಹಿಟ್ಟನ್ನು ಬೆನ್ನಿನಿಂದ ಬಾಲದವರೆಗೆ ಎರಚಿದೆ. ಹಿಟ್ಟು ಎಣ್ಣೆಯನ್ನು ಹೀರಿ ಉಂಡೆಯಾಗುತ್ತದೆ. ಉಂಡೆಯನ್ನು ಅಗಲ ಹಲ್ಲಿನ ಬಾಚಣಿಗೆಯಿಂದ ತೆಗೆಯಬೇಕು. ಮತ್ತೆ ಎರಚಬೇಕು.

"ಕಡ್ಲೆಹಿಟ್ಟು ಇನ್ನೂ ಪಸಂದಾಗಿ ಎಳಿತದೆ," ಎಂದರು.

"ಅದು ನೀರು ತಾಗಿದ್ರೆ ಅಂಟುತ್ತೆ ಅಜ್ಜಿ."

"ಹೌದಾ." ಸ್ವಲ್ಪ ಹೊತ್ತಿನ ಮೇಲೆ, "ನಾನೂ ಒಂದು ಕಡೆಯಿಂದ ಬಿಡಿಸ್ಲಾ?" ಎಂದು ಕೇಳಿದರು.

ಗಿರಾಕಿಗಳಿಗೆ ಬಾಚಣಿಗೆ ಕೊಡುವುದು ನಮ್ಮಲ್ಲಿ ರೂಢಿಯಲ್ಲ. ಆದರೆ ಗಂಟೆ ಹನ್ನೆರಡಾಗಿತ್ತು. ಅವರಿಗೆ ಹಿಂಗಾಲುಗಳನ್ನು ಬಿಟ್ಟುಕೊಟ್ಟೆ. ಬಾಚಣಿಗೆಯನ್ನು ಅವರು ಮುಟ್ಟಲಿಲ್ಲ. ಎರಡು ಕೈಗಳ ಹೆಬ್ಬೆರಳು ತೋರುಬೆರಳುಗಳಲ್ಲಿ ಒಂದೊಂದೇ ಗಂಟನ್ನು ತುದಿಯಿಂದ ಬುಡದ ಕಡೆಗೆ ಸೀಳತೊಡಗಿದರು. ಗಂಟಿನ ಬುಡವನ್ನು ಇನ್ನೊಂದು ಕೈಯಲ್ಲಿ ಒತ್ತಿ ಹಿಡಿದಿದ್ದರಿಂದ ಚರ್ಮ ಎಳೆಯುತ್ತಿರಲಿಲ್ಲ. ನನಗೆ ಇದನ್ನು ಕಲಿಯಲು ಮೂರು ತಿಂಗಳು ಹಿಡಿದಿತ್ತು.

"ಯಾರು ಹೇಳಿಕೊಟ್ರು?"

"ಹೇಳ್ಕೊಡದೇನು. ಮೂರು ಜನ ನಾದಿನೀರು, ಎರಡು ಹೆಣ್ಮಕ್ಳು. ಎಲ್ಲರ ತಲೆನೂ ನಾನೇ ಬಾಚ್ತಿದ್ದೆ. ಕವ್ನಂದೂ, ಏಳನೇ ಕ್ಲಾಸ್ ತಂಕ."

ಮೇಜಿನ ಮೇಲೆ ನಾಯಿ ನಿಂತಾಗ ಅದರ ಜೊತೆ ಬಂದವರು ಸಾಮಾನ್ಯವಾಗಿ ನಾಯಿಯೊಡನೆ ಮಾತಾಡುತ್ತಿರುತ್ತಾರೆ. ಆ ಮಾತು ನಮಗೆ ಕೇಳಲೆಂದು. ಪಾಪಮ್ಮ ನಾಯಿಯೊಡನೆ ಮಾತಾಡಲಿಲ್ಲ. ಆಗಾಗ ತುಟಿಯಿಂದ ಒಂದು ಸಣ್ಣ ಸದ್ದು ಮಾಡುತ್ತಿದ್ದರು, ಹಾಲು ಕರೆಯುವಾಗ ಹಸುವಿಗೆ ಮಾಡುವಂಥದ್ದು. ನಾಯಿ ಆಗ ಕಾಲು ಬದಲಿಸುವುದನ್ನು ನಿಲ್ಲಿಸುತ್ತಿತ್ತು. ಹೊರಗೆ ದೂರದಲ್ಲಿ ಸರಪಟಾಕಿ ಸಿಡಿದಾಗ ಮಾತ್ರ ಅವರು, "ಕೆಂಚಾ, ಏನಿಲ್ಲ," ಎಂದರು.

"ಕೆಂಚ?"

"ಅವಳು ಮೋಕಾ ಅಂತಾಳೆ. ಎಲ್ಡಕ್ಕೂ ತಿರುಗ್ತದೆ."

ಒಂದು ಗಂಟೆಗೆ ತೊಟ್ಟಿಗೆ ಇಳಿಸಿದೆವು. ಬೆಚ್ಚಗಿನ ನೀರು, ಜಿಡ್ಡು ತೆಗೆಯುವ ಶಾಂಪೂ. ಮೊದಲ ನೀರು ಕಂದು ಬಣ್ಣದಲ್ಲಿ ಹೋಯಿತು. ಎರಡನೆಯದು ಬೂದು. ಮೂರನೆಯದರಲ್ಲೂ ಬೆರಳು ಜಾರುತ್ತಿತ್ತು. ತೊಟ್ಟಿಯ ಜಾಲರಿಯಲ್ಲಿ ಮರಳು ನಿಂತು ನೀರು ಹೋಗದೆ ಎರಡು ಸಲ ಕೈಹಾಕಿ ತೆಗೆಯಬೇಕಾಯಿತು. ಪಾಪಮ್ಮ ತೋಳಿನವರೆಗೂ ಒದ್ದೆಯಾಗಿ ನಾಯಿಯ ಎದೆಯನ್ನು ಹಿಡಿದುಕೊಂಡಿದ್ದರು.

ನಾನು ಕೇಳಿರಲಿಲ್ಲ. ಮೂರನೆಯ ನೀರು ಹೋಗುವಾಗ ಅವರೇ ಹೇಳಿದರು.

"ನೆನ್ನೆ ಸಂಜೆ ಹಂಡೆ ತೊಳ್ದು, ಸುಣ್ಣ ಕೆಮ್ಮಣ್ಣು ಬಳ್ದು, ಹಾಗಲ್ ಬಳ್ಳಿ ಸುತ್ತಿ ನೀರು ತುಂಬ್ದೆ. ಮನೆ ಹಿಂದೆ ಹಳೇ ಬಚ್ಚಲು ಐತೆ, ಮಗ ಮೂರು ಫ್ಲೋರ್ ಕಟ್ದಾಗ್ಲೂ ಅದನ್ನ ಒಡಿಯಕ್ಕೆ ಬಿಡ್ಲಿಲ್ಲ ನಾನು. ನಾಕು ಗಂಟೆಗೆ ಎದ್ದು ಒಲೆ ಹಚ್ದೆ. ಎಣ್ಣೆ ಬೆಚ್ಚಗೆ ಮಾಡಿ, ಮಣೆ ಹಾಕಿ ಕುಂತಿದ್ದೆ."

ನಾನು ನೀರು ನಿಲ್ಲಿಸಿದೆ.

"ಮಗ ಬಂದ. ಅವ್ವ, ಮೇಲೆ ಗೀಸರ್ ಐತಲ್ಲ, ನಾನಲ್ಲೇ ಹಾಕ್ಕಂಡೆ ಅಂದ. ಸೊಸೆ ರಾತ್ರಿನೇ ತಲೆಗೆ ಏನೋ ಮಾಡಿಸ್ಕಂಡ್ ಬಂದಿದ್ಲು, ಎಣ್ಣೆ ತಾಗಂಗಿಲ್ಲವಂತೆ. ಕವನ ಬಂದು ಅಜ್ಜಿ ಮೊಡವೆ ಆಗುತ್ತೆ ಅಂದ್ಲು. ಏಳು ಗಂಟೆಗೆ ಎಲ್ಲಾ ಕಾರ್ ಹತ್ತಿ ಕೆಂಗೇರಿಗೆ ಹೋದ್ರು, ಸೊಸೆ ತೌರಿಗೆ. ಬಟ್ಲಲ್ಲಿ ಎಣ್ಣೆ ಹಂಗೇ ಇತ್ತು." ಅವರು ನಾಯಿಯ ಗಲ್ಲದಿಂದ ನೀರು ಹಿಂಡಿದರು. "ಇದೊಂದು ಬಂದು ಮಣೆ ಮೇಲೆ ಕುಂತ್ಕಂತು."

ಆಮೇಲೆ ಆದದ್ದು ಸರಳವಾಗಿತ್ತು. ಎಣ್ಣೆ ಹಚ್ಚಿಸಿಕೊಳ್ಳುವವರೆಗೂ ನಾಯಿ ಕೂತಿತ್ತು. ಸೀಗೆಪುಡಿ ಕಣ್ಣಿಗೆ ಬಿದ್ದಾಗ ಗೇಟಿನ ಕೆಳಗೆ ನುಸುಳಿ, ಪಕ್ಕದ ಸೈಟಿನ ಮರಳಿನ ಗುಡ್ಡೆಯಲ್ಲಿ ಹೊರಳಾಡಿತು.

"ಬೈತಾರೆ ಅಂತನಾ ಭಯ?" ಎಂದೆ.

"ಬೈಗುಳ ಏನ್ ಮಾಡ್ತದೆ. ಗೌರಿ ಹಬ್ಬದಲ್ಲಿ ಎರಡು ಕಜ್ಜಾಯ ಕೊಟ್ಟಿದ್ದೆ ಇದಕ್ಕೆ. ಮೂರು ದಿನ ಭೇದಿ, ಡ್ರಿಪ್ಪು. ಆವಾಗ್ಲೇ ಹೇಳವ್ಳೆ ಸೊಸೆ. ಇನ್ನೊಂದ್ ಸಲ ಏನಾದ್ರೂ ಆದ್ರೆ ಇದನ್ನ ಹಗಲೊತ್ತು ನಾಗರಭಾವಿಲಿ ಅದೆಂಥದೋ ನಾಯಿ ಬಾಲವಾಡಿ ಐತಂತಲ್ಲ, ಅಲ್ಲಿಗೆ ಬಿಡೋದು ಅಂತ. ಬೆಳಗ್ಗೆ ಎಂಟಕ್ಕೆ ಹೋದ್ರೆ ಸಂಜೆ ಆರಕ್ಕೆ." ಅವರು ನಾಯಿಯ ಒದ್ದೆ ಕಿವಿಯನ್ನು ಹಿಂದಕ್ಕೆ ಸವರಿ ಹೇಳಿದರು, "ಎಂಟರಿಂದ ಆರರ ತಂಕ ನಾನು ಯಾರತ್ರ ಜಗಳ ಆಡ್ಲಿ?"

ನಾನು ನಾಲ್ಕನೆಯ ಸಲ ಶಾಂಪೂ ಹಾಕಿದೆ.

ಎರಡೂವರೆಗೆ ಬೆನ್ನು, ಬಾಲ, ಪಕ್ಕೆಗಳು ಬಿಡಿಬಿಡಿಯಾದವು. ಒಣಗಿಸುವಾಗ ಹಳೆಯ ಕೂದಲು ಮತ್ತೆ ಕಾಣಿಸಿತು, ಬಿಳಿ ಮತ್ತು ಕಂದು, ಗಾಳಿಗೆ ಎದ್ದು ಬೀಳುತ್ತ. ಪಾಪಮ್ಮ ಅದನ್ನು ನೋಡಿ ಮೊದಲ ಸಲ ಕುರ್ಚಿಯಲ್ಲಿ ಕೂತರು. ಹತ್ತು ನಿಮಿಷ ಹಾಗೆಯೇ ಇದ್ದರು.

ಆದರೆ ಕಿವಿಗಳ ಹಿಂದೆ, ಮುಂಗಾಲುಗಳ ಕಂಕುಳಲ್ಲಿ, ಗಂಟುಗಳು ಚರ್ಮಕ್ಕೆ ಅಂಟಿ ಕೂತಿದ್ದವು. ಆ ಜಾಗಗಳಲ್ಲಿ ಕೂದಲು ತೆಳು, ಚರ್ಮ ಇನ್ನೂ ತೆಳು. ನಾನು ಎಡಗಿವಿಯ ಹಿಂದೆ ಅರ್ಧ ಗಂಟೆ ಕೆಲಸ ಮಾಡಿದೆ. ಗಂಟು ಅಡಿಕೆಯಷ್ಟಿದ್ದದ್ದು ಅಡಿಕೆಯಷ್ಟೇ ಉಳಿಯಿತು. ಅದುವರೆಗೆ ಸುಮ್ಮನಿದ್ದ ನಾಯಿ ಕುಂಯ್ ಎಂದಿತು. ಮತ್ತೊಮ್ಮೆ ಎಳೆದಾಗ ನನ್ನ ಕೈಯನ್ನು ಕಚ್ಚಲಿಲ್ಲ, ಬಾಯಲ್ಲಿ ಹಿಡಿದುಕೊಂಡಿತು.

ನಾನು ಬಾಚಣಿಗೆ ಕೆಳಗಿಟ್ಟೆ. ಪಾಪಮ್ಮ ಎದ್ದು ಬಂದು ಗಂಟನ್ನು ತಮ್ಮ ಬೆರಳುಗಳಲ್ಲಿ ಮುಟ್ಟಿ ನೋಡಿದರು. ಇನ್ನೊಂದು ಕಿವಿಯನ್ನೂ. ಕಂಕುಳನ್ನೂ. ಅವರಿಗೆ ಗೊತ್ತಾಯಿತು ಎಂದು ನನಗೆ ಗೊತ್ತಾಯಿತು. ಮೇಲಿನ ಮನೆಯಲ್ಲಿ ಯಾರೋ ಒಗ್ಗರಣೆ ಹಾಕಿದರು.

ಹಾಗೆಯೇ ಬಿಟ್ಟು ಕಳಿಸಬಹುದಿತ್ತು. ಮೇಲಿನ ಕೂದಲನ್ನು ಅದರ ಮೇಲೆ ಬಾಚಿದರೆ ಎರಡು ದಿನ ಯಾರಿಗೂ ಕಾಣುತ್ತಿರಲಿಲ್ಲ. ಆಮೇಲೆ ಅಲ್ಲಿ ಹುಣ್ಣಾಗುತ್ತಿತ್ತು. ನಾನು ಅದನ್ನು ಹೇಳಲೋ ಬೇಡವೋ ಎಂದು ಯೋಚಿಸುತ್ತಿದ್ದಾಗ ಅವರು ಹೇಳಿದರು:

"ಕತ್ರಿಸು. ನೋಯ್ತದೆ ಅದಕ್ಕೆ."

"ಕವನಾಗೆ ಫೋನ್ ಮಾಡ್ಬೇಕು ಅಜ್ಜಿ."

"ಮಾಡು."

ಫೋನಿನಲ್ಲಿ ಕವನಾ, "ಯಾವ ನಾಯಿ? ಮೋಕಾ ಮನೇಲಿದೆ," ಎಂದಳು. ನಾನು ವಿಷಯ ಹೇಳಿದೆ. ಎಣ್ಣೆ, ಮರಳು, ಕಿವಿಯ ಹಿಂದಿನ ಗಂಟುಗಳು. ಹಿನ್ನೆಲೆಯಲ್ಲಿ ಯಾರೋ ಹೋಳಿಗೆಗೆ ತುಪ್ಪ ಕೇಳುತ್ತಿದ್ದರು. ಕೊನೆಗೆ, "ಏನೂ ಮಾಡ್ಬೇಡಿ. ಬರ್ತಾ ಇದೀನಿ," ಎಂದು ಇಟ್ಟಳು.

ಕೆಂಗೇರಿಯಿಂದ ಅತ್ತಿಗುಪ್ಪೆಗೆ ಮೆಟ್ರೋದಲ್ಲಿ ನೇರ ಬರಬಹುದು. ಮುಕ್ಕಾಲು ಗಂಟೆಯಲ್ಲಿ ಬಂದಳು. ರೇಷ್ಮೆ ಲಂಗ, ಜಡೆಗೆ ಮಲ್ಲಿಗೆ, ಕಾಲಿಗೆ ಕ್ಯಾನ್ವಾಸ್ ಶೂ. ಅಜ್ಜಿಯನ್ನು ನೋಡದೆ ನೇರ ಮೇಜಿನ ಹತ್ತಿರ ಹೋಗಿ ನಾಯಿಯ ಕಿವಿ ಎತ್ತಿದಳು. ಮೂಸಿದಳು.

"ಹರಳೆಣ್ಣೆನಾ?"

"ಹೂಂ," ಎಂದರು ಪಾಪಮ್ಮ.

"ಬಿಸಿ ಮಾಡಿ?"

"ಉಗುರು ಬೆಚ್ಚಗೆ."

"ಅಜ್ಜಿ, ಒಂದು ವರ್ಷ. ಒಂದು ವರ್ಷ ಬೆಳೆಸಿದೀನಿ ಇದನ್ನ." ಅವಳ ದನಿ ಏರಲಿಲ್ಲ. "ನೀನು ಅದನ್ನ ಸುಮ್ನೆ ಬಿಡೋಕಾಗಲ್ವಾ? ನಾಯಿಗೆ ಯಾರಾದ್ರೂ ಎಣ್ಣೆ ಹಚ್ತಾರಾ?"

ಪಾಪಮ್ಮ ಮಣೆಯ ವಿಷಯ ಹೇಳಲಿಲ್ಲ. ಬಟ್ಟಲಿನ ವಿಷಯವೂ ಇಲ್ಲ. ನಾನು ಹೇಳಬಹುದಿತ್ತು. ಅದು ನನ್ನ ಮಾತಾಗಿರಲಿಲ್ಲ.

"ಹಬ್ಬಕ್ಕೆ ಅಂತ," ಎಂದರು, ಅಷ್ಟೇ.

ಕವನಾ ನಾಯಿಯ ಕಿವಿಯನ್ನು ಬಿಡದೆ ನಿಂತಿದ್ದಳು. ಹೆಬ್ಬೆರಳಿನಿಂದ ಗಂಟನ್ನು ಒತ್ತುತ್ತಿದ್ದಳು. ನಾಯಿ ಅವಳ ಮಣಿಕಟ್ಟನ್ನು ನೆಕ್ಕಿತು. ಅವಳು ನನ್ನನ್ನು ಕೇಳಿದಳು, "ಕಿವಿ, ಕಂಕುಳು ಮಾತ್ರ ತೆಗೆದ್ರೆ ಹೇಗೆ ಕಾಣುತ್ತೆ?"

"ಕಿವಿ ಬೋಳಾಗಿ ಕಾಣುತ್ತೆ. ಮಿಕ್ಕಿದ್ದು ಉದ್ದ ಇರುತ್ತಲ್ಲ, ಎದ್ದು ಕಾಣುತ್ತೆ."

"ಪೂರ್ತಿ ತೆಗೆದ್ರೆ?"

"ಅರ್ಧ ಇಂಚು ಉಳಿಸಬಹುದು. ಮರಿ ಥರ ಕಾಣುತ್ತೆ."

ಅವಳು ಲೆಕ್ಕ ಹಾಕುವವಳಂತೆ ಗೋಡೆಯ ಕಡೆ ನೋಡಿದಳು. "ಕಿವಿ ಮಾತ್ರ ಆದ್ರೆ ಅಮ್ಮ ನೂರು ಪ್ರಶ್ನೆ ಕೇಳ್ತಾಳೆ. ಪೂರ್ತಿ ಆದ್ರೆ ಒಂದೇ ಪ್ರಶ್ನೆ. ಪೂರ್ತಿ ತೆಗೀರಿ."

"ಕವ್ನಾ," ಎಂದರು ಪಾಪಮ್ಮ. "ಹಬ್ಬದ ದಿನ..."

"ಅಜ್ಜಿ, ನೀನು ಸುಮ್ನಿರು. ಕಾಲು ಹಿಡ್ಕೋ ಬೇಕಾದ್ರೆ."

ಹೀಗೆ ಅಜ್ಜಿ ಕಾಲುಗಳನ್ನೂ ಮೊಮ್ಮಗಳು ಕುತ್ತಿಗೆಯನ್ನೂ ಹಿಡಿದುಕೊಂಡರು. ನಾನು ಮೆಷಿನ್ ಹಚ್ಚಿದೆ. ಬೆನ್ನಿನ ಮೇಲೆ ಮೊದಲ ಸಾಲು ತೆಗೆದಾಗ ಕವನಾ ಕಣ್ಣು ಮುಚ್ಚಿದಳು, ಎರಡನೆಯ ಸಾಲಿಗೆ ತೆರೆದಳು. ಆಗಲೇ ತೊಳೆದು ಒಣಗಿಸಿದ್ದ ಒಳ್ಳೆಯ ಕೂದಲು ಉದ್ದುದ್ದಕ್ಕೆ ಅವಳ ಲಂಗದ ಮೇಲೆ, ತೋಳಿನ ಮೇಲೆ, ಮಲ್ಲಿಗೆಯ ಮೇಲೆ ಬಿತ್ತು.

ಮೇಜಿನ ಮೇಲಿದ್ದ ಅವಳ ಫೋನು ರಿಂಗಾಯಿತು. ಕೈ ಬಿಡುವಂತಿರಲಿಲ್ಲ, ಮೂಗಿನ ತುದಿಯಿಂದ ಸ್ಪೀಕರ್ ಒತ್ತಿದಳು.

"ಎಲ್ಲಿದೀಯೇ? ಫ್ರೆಂಡ್ ಮನೆ ಅಂದವಳು ಊಟದ ಮಧ್ಯೆ ಎದ್ದು ಹೋದ್ಯಲ್ಲ," ಎಂದಿತು ಹೆಂಗಸಿನ ದನಿ. "ಅದೇನು ಗುರ್ರ್ ಅಂತ ಸದ್ದು?"

"ಮೋಕಾ ಗ್ರೂಮಿಂಗ್‌ಗೆ ಬಂದಿದೀನಿ ಅಮ್ಮ. ಕೂದಲು ಪೂರ್ತಿ ತೆಗೆಸ್ತಾ ಇದೀನಿ."

"ಪೂರ್ತಿ? ಇವತ್ತು? ಹಬ್ಬದ ದಿನ ಯಾರಾದ್ರೂ ಕೂದ್ಲು ತೆಗೆಸ್ತಾರೇನೇ?"

ಪಾಪಮ್ಮ ಮೊಮ್ಮಗಳ ಕಡೆ ನೋಡಿದರು.

"ಇವತ್ತು ಖಾಲಿ ಇದ್ರು, ಬಂದೆ."

"ಕತ್ತರಿ ತೋರಿಸಿದ್ರೆ ಅಳ್ತಿದ್ದವಳು ನೀನು. ನಿಜ ಹೇಳು. ನಿಮ್ಮಜ್ಜಿ ಏನಾದ್ರೂ ಮಾಡಿದ್ರಾ?"

ನನಗೆ ಮೆಷಿನ್ ನಿಲ್ಲಿಸಬೇಕೋ ಮುಂದುವರಿಸಬೇಕೋ ತಿಳಿಯಲಿಲ್ಲ. ಮುಂದುವರಿಸಿದೆ. ಪಾಪಮ್ಮನ ಕೈಗಳು ನಾಯಿಯ ಕಾಲುಗಳ ಮೇಲೆ ಹಾಗೆಯೇ ಇದ್ದವು.

"ಅಜ್ಜಿಗೂ ಇದಕ್ಕೂ ಏನಮ್ಮ?" ಎಂದಳು ಕವನಾ. "ಬಾಚಿ ಬಾಚಿ ಸಾಕಾಯ್ತು ನಂಗೆ. ಎಕ್ಸಾಮ್ ಬೇರೆ ಇದೆ. ನಾನೇ ತೆಗೆಸ್ತಾ ಇರೋದು. ಇಡ್ತೀನಿ, ಕೂದ್ಲು ಬಾಯಿಗೆ ಹೋಗ್ತಿದೆ."

ಮತ್ತೆ ಮೂಗಿನಿಂದಲೇ ಒತ್ತಿ ಕರೆ ಮುಗಿಸಿದಳು. ನಾನು ಹೊಟ್ಟೆಯ ಕಡೆಗೆ ಬಂದೆ. ಸ್ವಲ್ಪ ಹೊತ್ತಿನ ಮೇಲೆ ಕವನಾ ತಲೆಯೆತ್ತದೆ ಹೇಳಿದಳು:

"ಇನ್ನೊಂದ್ ಸಲ ಅದಕ್ಕೆ ಎಣ್ಣೆ ಮುಟ್ಟಿಸಿದ್ರೆ ನೋಡು."

"ಇಲ್ಲ ಕಣೆ."

"ಕಜ್ಜಾಯ ಅಂದ್ರೂ ಇಲ್ಲ ಕಣೆ ಅಂದಿದ್ದೆ."

"ಕಜ್ಜಾಯ ಆಮೇಕೆ ಕೊಟ್ಟೇ ಇಲ್ವಲ್ಲ."

ನಾಲ್ಕೂವರೆಗೆ ಮುಗಿಯಿತು. ನಾಯಿ ಮೈಕೊಡವಿ ತನ್ನ ಹಗುರವನ್ನು ಗಮನಿಸಿದಂತೆ ಎರಡು ಸುತ್ತು ಸುತ್ತಿತು. ಕಣ್ಣಿನ ಕೆಂಪು ಬಹುಪಾಲು ಇಳಿದಿತ್ತು. ನಾಳೆಗೂ ಇದ್ದರೆ ಡಾಕ್ಟರಿಗೆ ತೋರಿಸಿ ಎಂದೆ. ಪಾಪಮ್ಮ ಅದನ್ನು ಸೀರೆಯಲ್ಲಿ ಸುತ್ತಿಕೊಳ್ಳಲಿಲ್ಲ, ದೂರದಿಂದ ನೋಡುತ್ತ ನಿಂತರು.

"ಎತ್ಕೋ ಅಜ್ಜಿ, ಹೋಗೋಣ."

"ಕ್ಷೌರ ಆದ್ಮೇಲೆ ಸ್ನಾನ ಆಗ್ದೆ ಮನೆ ಒಳಕ್ಕೆ ಹೆಂಗ್ ಕರ್ಕಂಡ್ ಹೋಗೋದು?"

ಕವನಾ ಅಜ್ಜಿಯನ್ನು ನೋಡಿದಳು. "ಬೆಳಗ್ಗೆಯಿಂದ ನಾಕು ಸಲ ತೊಳೆದಿದಾರೆ ಅದನ್ನ."

"ಅದು ಮೊದ್ಲು. ಇದು ಆಮೇಲೆ. ಅದೂ ಹಬ್ಬದ ದಿನ ತೆಗೆಸಿರೋದು."

ನಾವು ಸಾಮಾನ್ಯವಾಗಿ ಕತ್ತರಿಸಿ ಆಮೇಲೆ ತೊಳೆಯುತ್ತೇವೆ. ಆ ದಿನ ಕ್ರಮ ತಿರುಗಿತ್ತು. ನಾನು ತೊಟ್ಟಿಯ ಕಡೆ ಹೋಗಲು ಹೊರಟೆ. ಪಾಪಮ್ಮ ತಡೆದರು.

"ನೀನು ಮನೆಗೆ ಹೋಗವ್ವ, ಸಾಕು. ನಾನು ಒಲೆಗೆ ಬೂದಿ ಮುಚ್ಚಿ ಬಂದಿವ್ನಿ. ಹಂಡೇಲಿ ನೀರು ಇನ್ನೂ ಬೆಚ್ಚಗೈತೆ, ಒಂದ್ ಚೊಂಬೂ ತೆಗ್ದಿಲ್ಲ."

ಕವನಾ ಕತ್ತನ್ನು ಕೆರೆದುಕೊಳ್ಳುತ್ತಿದ್ದಳು. ಕೆರೆಯುವುದನ್ನು ನಿಲ್ಲಿಸಿದಳು.

"ಒಂದ್ ಚೊಂಬೂ ಇಲ್ವಾ?"

"ಎರಡು. ಇದಕ್ಕೆ ಹಾಕಿದ್ದು."

ಕವನಾ ತನ್ನ ತೋಳನ್ನು ನೋಡಿಕೊಂಡಳು. ಮೊಣಕೈವರೆಗೂ ಬಿಳಿ ಕೂದಲು ಅಂಟಿತ್ತು. ರವಿಕೆಯ ಒಳಗೂ ಹೋಗಿರಬೇಕು, ಭುಜ ಕುಣಿಸಿದಳು. "ನಂಗೂ ಮೈಯೆಲ್ಲಾ ಕಡೀತಿದೆ," ಎಂದಳು.

"ನಿಂಗೂ ಆಗ್ತದೆ. ದೊಡ್ಡ ಹಂಡೆ."

ಅಷ್ಟೇ ಹೇಳಿ ಪಾಪಮ್ಮ ನಾಯಿಯನ್ನು ಎತ್ತಿಕೊಂಡರು. ಎಣ್ಣೆಯ ಮಾತು ಬರುತ್ತದೆಂದು ನಾನು ಕಾದೆ. ಅವರು ಎತ್ತಲಿಲ್ಲ.

ಆಟೋ ಸಿಕ್ಕಿತು. ಮೂಲೆಯಲ್ಲಿ ಯಾರೋ ಆಗಲೇ ಹೂಕುಂಡ ಇಡುತ್ತಿದ್ದರು. ನಾಯಿ ಪಾಪಮ್ಮನ ಕಂಕುಳಿಗೆ ಮೂತಿ ತೂರಿಸಿತು. ಕವನಾ ಒಂದು ಕಾಲು ಒಳಗಿಟ್ಟವಳು ನಿಂತು, ಜಡೆಯ ಹಿಂದೆ ಕೈ ಹಾಕಿ ಪಿನ್ನು ಎಳೆದು ಮಲ್ಲಿಗೆಯನ್ನು ಬಿಚ್ಚಿದಳು. ನಾಯಿಯ ಕೂದಲು ಸಿಕ್ಕಿಕೊಂಡಿದ್ದ ಹೂವನ್ನು ಅಜ್ಜಿಯ ಕೈಗೆ ಕೊಟ್ಟು, ಪಕ್ಕದಲ್ಲಿ ಕೂತು ಜಡೆಯನ್ನು ತುದಿಯಿಂದ ಬಿಚ್ಚತೊಡಗಿದಳು.